ಸಿದ್ಧತೆಯಿಲ್ಲದ ಮಾತು ಪ್ರಾಮಾಣಿಕವೇ?

ನಮ್ಮ ಸಭೆ ಸಮಾರಂಭಗಳಲ್ಲಿ ಪದೇ ಪದೇ ಕೇಳಿಬರುವ ಒಂದು ವಾಕ್ಯವಿದೆ. ಮೈಕಿನ ಮುಂದೆ ಬಂದು ನಿಂತ ಅತಿಥಿಗಳು ಹೆಗಲ ಮೇಲಿನ ಶಾಲನ್ನು ಸರಿಪಡಿಸಿಕೊಂಡು, 'ನಾನೇನೂ ಸಿದ್ಧತೆ ಮಾಡಿಕೊಂಡು ಬಂದವನಲ್ಲ, ಈ ಕ್ಷಣ ಹೃದಯಕ್ಕೆ ತೋಚಿದ ಎರಡು ಮಾತುಗಳನ್ನಷ್ಟೇ ಹೇಳುತ್ತೇನೆ' ಎನ್ನುತ್ತಾರೆ. ಸಭೆ ಮೆಚ್ಚುಗೆಯಿಂದ ತಲೆದೂಗುತ್ತದೆ. ಆ ಎರಡು ಮಾತು ಮುಕ್ಕಾಲು ಗಂಟೆ ನಡೆಯುತ್ತದೆ ಎಂಬುದು ಬೇರೆ ವಿಷಯ. ಹೀಗೆ ಹೇಳುವುದನ್ನು ನಾವು ವಿನಯವೆಂದು ಭಾವಿಸುತ್ತೇವೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ಪ್ರಾಮಾಣಿಕತೆಯ ಗುರುತೆಂದೂ ನಂಬುತ್ತೇವೆ. ಚೀಟಿ ಹಿಡಿದು ಬಂದವನು ಏನನ್ನೋ ಮುಚ್ಚಿಡುತ್ತಿದ್ದಾನೆ, ಬರಿಗೈಯಲ್ಲಿ ಬಂದವನು ಮನಸ್ಸು ಬಿಚ್ಚುತ್ತಿದ್ದಾನೆ ಎಂಬುದು ನಮ್ಮ ಒಳಗಿನ ತೀರ್ಮಾನ.

ಬಟ್ಟೆ ಹೊಲಿಯುವವರು, ಬಸ್ಸು ಓಡಿಸುವವರು, ಶಸ್ತ್ರಚಿಕಿತ್ಸೆ ಮಾಡುವವರು ಯಾರಾದರೂ 'ನನಗೆ ಅಭ್ಯಾಸವಿಲ್ಲ, ಆದರೆ ಹೃದಯಪೂರ್ವಕ ಮಾಡುತ್ತೇನೆ' ಎಂದರೆ ನಾವು ಅಲ್ಲಿಂದ ಎದ್ದು ಓಡುತ್ತೇವೆ. ಮಾತಿಗೆ ಮಾತ್ರ ಬೇರೆ ನ್ಯಾಯ. ಇದಕ್ಕೆ ಕಾರಣವಿಲ್ಲದಿಲ್ಲ. ಅಭ್ಯಾಸ ಮಾಡಿದ ಮಾತಿನ ಕುರಿತ ಸಂಶಯ ನಮ್ಮಲ್ಲಿ ಶಾಲೆಯಿಂದಲೇ ಬೆಳೆದು ಬಂದಿದೆ. ಭಾಷಣ ಸ್ಪರ್ಧೆಗೆ ಮೇಷ್ಟ್ರು ಬರೆದುಕೊಡುತ್ತಾರೆ, ಮಗು ಬಾಯಿಪಾಠ ಮಾಡುತ್ತದೆ. 'ಪೂಜ್ಯ ಗುರುಗಳೇ ಮತ್ತು ನನ್ನ ನೆಚ್ಚಿನ ಸಹಪಾಠಿಗಳೇ' ಎಂದು ಶುರುವಾಗಿ, ಪ್ರತಿ ಸಲವೂ ಅದೇ ಪದಕ್ಕೆ ಬಲಗೈ ಮೇಲೇರುತ್ತದೆ, ಅದೇ ಪದಕ್ಕೆ ಕೆಳಗಿಳಿಯುತ್ತದೆ. ನಡುವೆ ಒಂದು ಪದ ಮರೆತರೆ ಮಗು ಮತ್ತೆ ಮೊದಲಿನಿಂದ ಆರಂಭಿಸಬೇಕು. ಇದನ್ನೇ ಅಭ್ಯಾಸವೆಂದು ಕರೆಯುವುದಾದರೆ, ಅಭ್ಯಾಸ ನಟನೆ ಎನ್ನುವವರೊಂದಿಗೆ ನಮ್ಮದೇನೂ ತಕರಾರಿಲ್ಲ.

ಈ ಸಂಶಯ ಬಹಳ ಹಳೆಯದು. ಪ್ಲೇಟೋ ಬರೆದ 'ಗಾರ್ಜಿಯಸ್' ಎಂಬ ಸಂವಾದದಲ್ಲಿ ಅದೇ ಹೆಸರಿನ ಭಾಷಣ ಗುರು ಒಂದು ಹೆಮ್ಮೆಯ ವಿಚಾರ ಹೇಳುತ್ತಾನೆ. ಅವನ ಅಣ್ಣ ತಮ್ಮಂದಿರಲ್ಲೊಬ್ಬ ವೈದ್ಯ. ವೈದ್ಯನ ಮಾತಿಗೆ ಒಪ್ಪದೆ ಔಷಧಿ ನಿರಾಕರಿಸಿದ ರೋಗಿಗಳನ್ನು ವೈದ್ಯಕೀಯದ ಗಂಧವಿಲ್ಲದ ತಾನು ಮಾತಿನಿಂದಲೇ ಒಪ್ಪಿಸಿದ್ದೇನೆ ಎಂದು. ಸಾಕ್ರಟೀಸ್ ಬೆಚ್ಚುವುದು ಇಲ್ಲಿಯೇ. ರೋಗದ ಬಗ್ಗೆ ಏನೂ ತಿಳಿಯದವನು ತಿಳಿದವನಿಗಿಂತ ಚೆನ್ನಾಗಿ ಒಪ್ಪಿಸಬಲ್ಲನಾದರೆ, ನಾಳೆ ಅವನು ವಿಷವನ್ನೂ ಕುಡಿಸಬಹುದಲ್ಲ? ಆತ ಭಾಷಣ ಕಲೆಯನ್ನು ಅಡುಗೆಯ ಕೈಚಳಕಕ್ಕೆ ಹೋಲಿಸುತ್ತಾನೆ. ನಾಲಿಗೆಗೆ ರುಚಿ, ದೇಹದ ಹಿತದ ಚಿಂತೆಯಿಲ್ಲ. ಅಡುಗೆಯವರಿಗೆ ಇದರಿಂದ ಅನ್ಯಾಯವಾಯಿತು ಎಂಬುದು ನಮ್ಮ ಅಭಿಪ್ರಾಯ. ಅದೇನೇ ಇರಲಿ, ಸಾಕ್ರಟೀಸನ ಭಯ ಪೊಳ್ಳಲ್ಲ. ಅದನ್ನು ನಾವು ದಿನವೂ ಕಣ್ಣಾರೆ ಕಾಣುತ್ತಿದ್ದೇವೆ.

ಆದರೆ ಇದೇ ಅಥೆನ್ಸಿನಲ್ಲಿ ಇದಕ್ಕೆ ಎದುರಾದ ಇನ್ನೊಂದು ಉತ್ತರವೂ ಹುಟ್ಟಿತ್ತು. ಅದು ಡೆಮಾಸ್ತನೀಸನದು. ಕ್ರಿಸ್ತಪೂರ್ವ 4ನೇ ಶತಮಾನದ ಈ ಭಾಷಣಕಾರನ ಕತೆ ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತಾಡಿ ತೊದಲು ನೀಗಿಸಿಕೊಂಡದ್ದು, ನೆಲಮಾಳಿಗೆಯಿಂದ ಹೊರಹೋಗಲು ನಾಚಿಕೆಯಾಗಲೆಂದು ಅರ್ಧ ತಲೆ ಬೋಳಿಸಿಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದು. ಅಷ್ಟಾಗಿ ಹೇಳದ ಒಂದು ಸಂಗತಿ ಅವನ ಜೀವನಚರಿತ್ರೆ ಬರೆದ ಪ್ಲುಟಾರ್ಕ್‌ನಲ್ಲಿದೆ. ಸಭೆಯಲ್ಲಿ ಹಠಾತ್ತನೆ ಎದ್ದು ಮಾತಾಡಲು ಆತ ಹಿಂಜರಿಯುತ್ತಿದ್ದ. ನಿನ್ನ ವಾದಗಳಲ್ಲಿ ದೀಪದ ಬತ್ತಿಯ ವಾಸನೆ ಬರುತ್ತದೆ ಎಂದು ಎದುರಾಳಿಗಳು ಗೇಲಿ ಮಾಡುತ್ತಿದ್ದರು, ಅಂದರೆ ರಾತ್ರಿಯಿಡೀ ಕೂತು ಬರೆದದ್ದು ಎಂದು. ಡೆಮಾಸ್ತನೀಸ್ ಇದಕ್ಕೆ ನಾಚಿಕೊಳ್ಳಲಿಲ್ಲ. ಮಾತಿಗೆ ತಯಾರಾಗಿ ಬರುವವನೇ ನಿಜವಾದ ಪ್ರಜಾಪ್ರಭುತ್ವವಾದಿ, ಏಕೆಂದರೆ ತಯಾರಿ ಜನರಿಗೆ ತೋರಿಸುವ ಗೌರವ. ತನ್ನ ಮಾತನ್ನು ಜನ ಹೇಗೆ ಸ್ವೀಕರಿಸಿಯಾರು ಎಂಬ ಪರಿವೆ ಇಲ್ಲದವನು ಒಪ್ಪಿಸುವುದಕ್ಕಿಂತ ಬಲಪ್ರಯೋಗವನ್ನು ನೆಚ್ಚಿದವನು ಎಂಬರ್ಥದ ಮಾತು ಹೇಳಿದನಂತೆ.

ಈ ಉತ್ತರ ನಮಗೆ ಒಪ್ಪಿಗೆಯಾಗುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ. ಇನ್ನೂರು ಮಂದಿ ಕೂತ ಸಭೆಯಲ್ಲಿ ಒಬ್ಬರು 45 ನಿಮಿಷ ಮಾತಾಡಿದರೆ ಒಟ್ಟು 150 ಗಂಟೆ ಕಳೆಯುತ್ತದೆ. ಅದು ಭಾಷಣಕಾರರ ಗಂಟೆಯಲ್ಲ, ಕೂಲಿ ಬಿಟ್ಟು ಬಂದವರ, ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಬಂದವರ ಗಂಟೆ. ಅದಕ್ಕಾಗಿ ಮನೆಯಲ್ಲಿ ಒಂದು ಗಂಟೆ ಕೂರದವರು, ಅಲ್ಲಿ ಬಂದು ಹೃದಯದ ಹೆಸರು ಹೇಳುವುದು ವಿನಯವಲ್ಲ. ಅಲ್ಲದೆ, ಯೋಚಿಸದೆ ಬಾಯಿಗೆ ಬಂದದ್ದು ಹೃದಯದಿಂದಲೇ ಬರುತ್ತದೆಂದು ಹೇಳಿದವರು ಯಾರು? ಬಾಯಿಗೆ ಮೊದಲು ಬರುವುದು ಬಹುತೇಕ ರೂಢಿಯ ಮಾತು, ನಿನ್ನೆ ಯಾರೋ ಹೇಳಿದ್ದು, ಕಳೆದ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದು. ನಮ್ಮದೇ ಎನ್ನಬಹುದಾದ ಮಾತು ಸಿಗಬೇಕಾದರೆ ಎರಡು ಮೂರು ಸಲ ಹೇಳಿ, ಅಳಿಸಿ, ಮತ್ತೆ ಹೇಳಬೇಕಾಗುತ್ತದೆ.

ಹಾಗೆಂದು ಕನ್ನಡಿಯ ಮುಂದಿನ ಅಭ್ಯಾಸದಿಂದಲೇ ಎಲ್ಲವೂ ಆಗುವುದಿಲ್ಲ. ಡೆಮಾಸ್ತನೀಸನ ಬೆಣಚುಕಲ್ಲನ್ನು ನೆನಪಿಟ್ಟುಕೊಂಡ ನಾವು ಸತೈರಸ್ ಎಂಬ ನಟನನ್ನು ಮರೆತಿದ್ದೇವೆ. ಒಮ್ಮೆ ಜನ ಕೂಗಿ ಕೂರಿಸಿದ ಮೇಲೆ ಡೆಮಾಸ್ತನೀಸ್ ಮುಖ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದ. ಈ ನಟ ಹಿಂದೆಯೇ ಹೋದ. ನಾಟಕದ ಯಾವುದಾದರೊಂದು ಭಾಗವನ್ನು ಹೇಳು ಎಂದ. ಡೆಮಾಸ್ತನೀಸ್ ಹೇಳಿದ ಮೇಲೆ ಅದೇ ಸಾಲುಗಳನ್ನು ತಾನು ಭಾವಕ್ಕೆ ತಕ್ಕಂತೆ ಹೇಳಿ ತೋರಿಸಿದ. ಅದು ಬೇರೆಯದೇ ಕಾವ್ಯವೆಂಬಂತೆ ಕೇಳಿಸಿತಂತೆ. ಗಮನಿಸಿ, ಸಭೆ ಕೂಗಿದ್ದೂ ಒಂದು ಪ್ರತಿಕ್ರಿಯೆಯೇ. ಆದರೆ ಏನು ತಪ್ಪಾಯಿತೆಂದು ಆ ಕೂಗು ತಿಳಿಸಲಿಲ್ಲ, ಅವಮಾನ ಮಾತ್ರ ಮಾಡಿತು. ಹಿಂದೆ ನಡೆದು ಬಂದ ಒಬ್ಬ ಗೆಳೆಯ ತಿಳಿಸಿದ.

ಕೂಗಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚು ಅಪಾಯಕಾರಿ ಪ್ರತಿಕ್ರಿಯೆ ಚಪ್ಪಾಳೆ. ಅದು ನಿಮ್ಮ ಮಾತಿನಲ್ಲಿ ಯಾವುದು ನಿಜ ಎಂದು ಆರಿಸುವುದಿಲ್ಲ, ಯಾವುದು ಬಿಸಿಯಾಗಿತ್ತು ಎಂದಷ್ಟೇ ಆರಿಸುತ್ತದೆ. ಭಾಷಣಕಾರ ಆ ಬಿಸಿ ವಾಕ್ಯವನ್ನು ಮುಂದಿನ ಊರಿನಲ್ಲಿ ಇನ್ನಷ್ಟು ಕಾಯಿಸುತ್ತಾನೆ. ಮೂರನೇ ಊರಿಗೆ ಹೋಗುವಾಗ ಉಳಿದ ಮಾತೆಲ್ಲ ಸವೆದು ಆ ವಾಕ್ಯ ಮಾತ್ರ ಉಳಿದಿರುತ್ತದೆ. ದ್ವೇಷ ಭಾಷಣ ಮಾಡುವವರೆಲ್ಲ ಹುಟ್ಟಾ ಕ್ರೂರಿಗಳೆಂದು ನಾವು ಭಾವಿಸಬೇಕಾಗಿಲ್ಲ. ಅವರಲ್ಲಿ ಹಲವರು ಚಪ್ಪಾಳೆಯ ಪಾಠಶಾಲೆಯಲ್ಲಿ ನಿಷ್ಠೆಯಿಂದ ಕಲಿತವರು. ಈ ಮಾತು ಎಲ್ಲ ಪಾಳಯಕ್ಕೂ ಅನ್ವಯಿಸುತ್ತದೆ, ನಮ್ಮ ಧಾರ್ಮಿಕ ವೇದಿಕೆಗಳಿಗೂ. ಈಗ ಚಪ್ಪಾಳೆ ಮೊಬೈಲಿಗೂ ಬಂದಿದೆ. ಒಂದೂವರೆ ಗಂಟೆಯ ಪ್ರವಚನದಿಂದ ನಲವತ್ತು ಸೆಕೆಂಡಿನ ತುಣುಕನ್ನು ಕತ್ತರಿಸಿ ಹರಿಯಬಿಡುತ್ತಾರೆ. ಎಷ್ಟು ಮಂದಿ ನೋಡಿದರೆಂಬ ಸಂಖ್ಯೆ ಕೆಳಗೆ ಕಾಣುತ್ತದೆ. ಆ ಸಂಖ್ಯೆಗಾಗಿ ಮಾತಾಡಲು ಶುರುಮಾಡಿದವರು ಎದುರು ಕೂತವರನ್ನು ನೋಡುವುದನ್ನೇ ಬಿಡುತ್ತಾರೆ.

ಕರಾವಳಿಯ ತಾಳಮದ್ದಳೆ ಈ ವಿಷಯದಲ್ಲಿ ನಮಗೆ ಕಲಿಸಬೇಕಾದದ್ದು ಬಹಳವಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಅದರ ಅರ್ಥವನ್ನು ಆ ಕ್ಷಣದಲ್ಲೇ ಮಾತಿನಲ್ಲಿ ಬೆಳೆಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಹಾಗಾದರೆ ಇದು ಸಿದ್ಧತೆಯಿಲ್ಲದ ಮಾತೇ? ಖಂಡಿತ ಅಲ್ಲ. ವರ್ಷಗಟ್ಟಲೆ ಪುರಾಣ ಓದಿ, ಹಿರಿಯರ ಅರ್ಥ ಕೇಳಿ, ಸಣ್ಣ ಪಾತ್ರಗಳಿಂದ ಮೇಲೆ ಬಂದವರಿಗೆ ಮಾತ್ರ ಆ ಆಶುತನ ಒಲಿಯುತ್ತದೆ. ಅದಕ್ಕಿಂತ ಮುಖ್ಯವಾದುದು, ಅಲ್ಲಿ ಮಾತಿಗೆ ತಕ್ಷಣ ಸಿಗುವುದು ಚಪ್ಪಾಳೆಯಲ್ಲ, ಉತ್ತರ. ಮರದ ಮರೆಯಿಂದ ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳಿದರೆ ರಾಮನ ಅರ್ಥ ಹೇಳುವವರು ಅಲ್ಲೇ ಉತ್ತರಿಸಬೇಕು. ಉತ್ತರ ಸಪ್ಪೆಯಾದರೆ ಎದುರಿನ ಪ್ರೇಕ್ಷಕರಿಗೆ ತಿಳಿಯುತ್ತದೆ, ಮರುದಿನ ಹೋಟೆಲಿನಲ್ಲಿ ಅದರದೇ ಚರ್ಚೆ. ಇಂದು ರಾಮನಾದವರು ಮುಂದಿನ ಕೂಟದಲ್ಲಿ ವಾಲಿಯೂ ಆಗಬಹುದು. ನಿನ್ನೆ ತಾನೇ ಮುರಿದ ವಾದವನ್ನು ಇಂದು ತಾನೇ ಕಟ್ಟಬೇಕು. ಎದುರಾಳಿಯ ಮಾತಿನ ಬಲ ಎಲ್ಲಿದೆ ಎಂದು ಒಳಗಿನಿಂದ ತಿಳಿದವನಿಗೆ ಅವನನ್ನು ಹಗುರವಾಗಿ ಬೈಯುವುದು ಕಷ್ಟ.

ಅರ್ಥಗಾರಿಕೆಯಲ್ಲಿ ದೊಡ್ಡ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಯಕ್ಷಗಾನದ 'ಬಪ್ಪನಾಡು ಕ್ಷೇತ್ರ ಮಹಾತ್ಮೆ'ಯಲ್ಲಿ ಬಪ್ಪ ಬ್ಯಾರಿಯ ಪಾತ್ರಕ್ಕೂ ಹೆಸರಾದವರು. ಮುಲ್ಕಿಯ ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯದಲ್ಲಿ ಬರುವ ಮುಸ್ಲಿಂ ವ್ಯಾಪಾರಿ ಈತ. ಇನ್ನೊಬ್ಬರ ನಂಬಿಕೆಯೊಳಗೆ ನಿಂತು, ಅವರಿಗೂ ಒಪ್ಪಿಗೆಯಾಗುವಂತೆ ಮಾತಾಡಬೇಕಾದ ಇಂಥ ಪರೀಕ್ಷೆ ನಮ್ಮ ಇಂದಿನ ಭಾಷಣಕಾರರಿಗೆ ಎದುರಾಗುವುದೇ ಇಲ್ಲ.

ಎಂಥ ಕೇಳುಗರು ಸಿಕ್ಕರೆ ಮಾತು ಬೆಳೆಯುತ್ತದೆ ಎಂಬುದಕ್ಕೆ ಗಾಂಧೀಜಿಯ ಬದುಕಿನಲ್ಲೊಂದು ಸ್ಪಷ್ಟ ನಿದರ್ಶನವಿದೆ. ಲಂಡನ್ನಿನಲ್ಲಿ ಓದುತ್ತಿದ್ದಾಗ ಅವರು ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು, ಆದರೆ ಸಭೆಗಳಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ವೆಂಟ್ನರ್ ಎಂಬಲ್ಲಿ ಬರೆದುಕೊಂಡು ಹೋದದ್ದನ್ನು ಓದಲೂ ಆಗದೆ, ಕಣ್ಣು ಮಂಜಾಗಿ, ಮೈ ನಡುಗಿ, ಗೆಳೆಯರೊಬ್ಬರಿಂದ ಓದಿಸಬೇಕಾಯಿತು. 1891ರಲ್ಲಿ ಊರಿಗೆ ಮರಳುವ ಮುನ್ನ ಗೆಳೆಯರಿಗಾಗಿ ಏರ್ಪಡಿಸಿದ ಔತಣದಲ್ಲಿ ಹಾಸ್ಯದ ಭಾಷಣವೊಂದನ್ನು ಸಿದ್ಧಪಡಿಸಿಕೊಂಡಿದ್ದರು, ಮೊದಲ ವಾಕ್ಯದ ಆಚೆ ಹೋಗಲಾಗಲಿಲ್ಲ. ಮುಂಬಯಿಯ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ ಮೊದಲ ಪಾಟೀಸವಾಲಿಗೆ ಎದ್ದಾಗಲೂ ತಲೆ ತಿರುಗಿತು. ಕಕ್ಷಿಗಾರರ 30 ರೂಪಾಯಿ ಶುಲ್ಕ ಹಿಂದಿರುಗಿಸಿ ಹೊರಟರು. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಅದೇ ವ್ಯಕ್ತಿ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾ ತಲುಪಿದ ಸ್ವಲ್ಪ ಸಮಯದಲ್ಲೇ ಅಲ್ಲಿನ ಭಾರತೀಯರ ಸಭೆ ಕರೆದರು. ದಾರಿಯಲ್ಲಿ ರೈಲಿನಿಂದ ಹೊರಹಾಕಿಸಿಕೊಂಡಿದ್ದರು, ಕೋಚು ಗಾಡಿಯಲ್ಲಿ ಪೆಟ್ಟು ತಿಂದಿದ್ದರು. ಸಭೆ ಸೇರಿದ್ದು ಸೇಠ್ ಹಾಜಿ ಮುಹಮ್ಮದ್ ಹಾಜಿ ಜೂಸಬ್ ಅವರ ಮನೆಯಲ್ಲಿ. ಬಂದವರಲ್ಲಿ ಹೆಚ್ಚಿನವರು ಮೇಮನ್ ವ್ಯಾಪಾರಿಗಳು. ತನ್ನ ಬದುಕಿನ ಮೊದಲ ಸಾರ್ವಜನಿಕ ಭಾಷಣವೆಂದು ಗಾಂಧೀಜಿ ಕರೆಯುವುದು ಇದನ್ನೇ, ಮತ್ತು ಅದಕ್ಕೆ ಸಾಕಷ್ಟು ತಯಾರಾಗಿಯೇ ಹೋಗಿದ್ದೆ ಎನ್ನುತ್ತಾರೆ. ವಿಷಯ, ವ್ಯಾಪಾರದಲ್ಲಿ ಸತ್ಯ. ವ್ಯಾಪಾರಿಗಳ ಮನೆಯಲ್ಲೇ ಕೂತು, ವ್ಯಾಪಾರಿಗಳಿಗೇ! ಶುಚಿತ್ವದ ಕೊರತೆಯನ್ನೂ ಎತ್ತಿ ಹೇಳಿದರು. ಹಿಂದೂ, ಮುಸಲ್ಮಾನ, ಪಾರ್ಸಿ ಎಂಬ ಭೇದ ಮರೆತು ಒಂದು ಸಂಘ ಕಟ್ಟೋಣ, ನನ್ನ ಸಮಯ ಕೊಡುತ್ತೇನೆ ಎಂದರು.

ಎರಡು ವರ್ಷದಲ್ಲಿ ಬದಲಾದದ್ದು ಏನು? ಗಂಟಲು ಅದೇ. ನಮಗೆ ಕಾಣುವುದು ಇಷ್ಟು: ಲಂಡನ್ನಿನ ಔತಣದಲ್ಲಿ ಅವರಿಗೆ ಚೆನ್ನಾಗಿ ಮಾತಾಡಬೇಕಿತ್ತು, ಪ್ರಿಟೋರಿಯಾದಲ್ಲಿ ಏನನ್ನೋ ಹೇಳಬೇಕಿತ್ತು. ಇನ್ನೂ ಒಂದಿದೆ. ಆ ಸಭೆ ಅಲ್ಲಿಗೇ ಮುಗಿಯಲಿಲ್ಲ. ಹೆಚ್ಚುಕಡಿಮೆ ನಿಯಮಿತವಾಗಿ ಸೇರುತ್ತ ಬಂದು, ಮುಕ್ತವಾಗಿ ವಿಚಾರ ವಿನಿಮಯ ನಡೆಯಿತು. ಕೇಳಿದವರು ಮತ್ತೆ ಸಿಗುತ್ತಾರೆ, ನಿನ್ನೆ ಹೇಳಿದ್ದರ ಬಗ್ಗೆ ಪ್ರಶ್ನೆ ಮಾಡುತ್ತಾರೆ, ಅವರ ಕಷ್ಟವೇನೆಂದು ತಿಳಿಯುತ್ತದೆ, ಮುಂದಿನ ಮಾತು ಅದರಿಂದ ತಿದ್ದಿಕೊಳ್ಳುತ್ತದೆ. ನಮ್ಮ ಅತಿಥಿ ಭಾಷಣಕಾರರು ಕಾರು ಹತ್ತಿ ಹೋದರೆ ಮತ್ತೆ ಆ ಊರಿಗೆ ಬರುವುದು ಐದು ವರ್ಷದ ಮೇಲೆ. ಅವರ ಮಾತು ನಿಂತಲ್ಲೇ ನಿಲ್ಲುವುದರಲ್ಲಿ ಆಶ್ಚರ್ಯವೇನಿದೆ?

ಕೇಳುಗರಿಗೆ ಇಷ್ಟು ಪಾಲಿದೆಯೆಂದ ಮೇಲೆ ಅವರ ಹೊಣೆಯ ಬಗ್ಗೆಯೂ ಮಾತಾಡಬೇಕು. ಫಿರ್‌ಔನನ ಆಸ್ಥಾನಕ್ಕೆ ಹೋಗಬೇಕಾದಾಗ ಪ್ರವಾದಿ ಮೂಸಾ ತನ್ನ ನಾಲಿಗೆಯ ಗಂಟು ಸಡಿಲಿಸೆಂದು ಬೇಡಿದ ಪ್ರಸಂಗ ಕುರ್‌ಆನಿನಲ್ಲಿದೆ, ನಾಲಿಗೆ ಮಂದವೆಂದು ಅವರು ಹೇಳಿಕೊಂಡದ್ದು ಬೈಬಲಿನಲ್ಲೂ ಇದೆ. ಕುರ್‌ಆನಿನ ಬೇಡಿಕೆಯಲ್ಲಿ ಕಾರಣವೂ ಸೇರಿದೆ: ಜನ ಬೆರಗಾಗಲಿ ಎಂದಲ್ಲ, ಅವರಿಗೆ ಅರ್ಥವಾಗಲಿ ಎಂದು. ತನಗಿಂತ ಸ್ಪಷ್ಟವಾಗಿ ಮಾತಾಡುವ ಹಾರೂನರನ್ನು ಜೊತೆಗೆ ಕೇಳಲು ಅವರಿಗೆ ಸಂಕೋಚವಾಗಲಿಲ್ಲ.

8ನೇ ಶತಮಾನದ ಬಸ್ರಾದಲ್ಲಿದ್ದ ವಾಸಿಲ್ ಇಬ್ನ್ ಅತಾ ಎಂಬ ಚಿಂತಕರಿಗೆ ಇಂಥದ್ದೇ ಒಂದು ತೊಡಕಿತ್ತು. 'ರ' ಅಕ್ಷರ ಅವರ ನಾಲಿಗೆಗೆ ಹೊರಳುತ್ತಿರಲಿಲ್ಲ. ಮುಅ್ತಝಿಲಾ ಪಂಥದ ಮೊದಲಿಗರಾಗಿ ಸದಾ ವಾದ ವಿವಾದಗಳಲ್ಲಿ ತೊಡಗಬೇಕಾಗಿದ್ದವರು. ಹಾಗಾಗಿ ಆ ಅಕ್ಷರವಿರುವ ಪದಗಳನ್ನೇ ಮಾತಿನಿಂದ ತೆಗೆದುಹಾಕಿ, ಅದೇ ಅರ್ಥದ ಬೇರೆ ಪದ ಬಳಸುವುದನ್ನು ರೂಢಿಸಿಕೊಂಡರು. ಇರಾಕಿನ ಗವರ್ನರರ ಎದುರು ಇತರರು ತಯಾರಿಯೊಂದಿಗೆ ಬಂದು ಮಾತಾಡಿದರೆ, ವಾಸಿಲ್ ನಿಂತ ನಿಲುವಿನಲ್ಲೇ, ಒಂದೂ 'ರ' ಇಲ್ಲದ ಭಾಷಣ ಮಾಡಿದರಂತೆ. ಮಾತಿನ ಕಲೆಯ ಬಗ್ಗೆ ದೊಡ್ಡ ಗ್ರಂಥ ಬರೆದ ಬಸ್ರಾದವನೇ ಆದ ಅಲ್ ಜಾಹಿಝ್ ವಾಸಿಲರ ಈ ಸಾಮರ್ಥ್ಯವನ್ನು ಮೆಚ್ಚಿ ದಾಖಲಿಸಿದ್ದಾನೆ. ಕನ್ನಡದಲ್ಲಿ ಇದನ್ನು ಪ್ರಯತ್ನಿಸಿ ನೋಡಿ. ಊರು ಹೋಯಿತು, ನೀರು ಹೋಯಿತು, ಮರ ಹೋಯಿತು. 'ಅವರು ಬಂದರು' ಎನ್ನುವ ಹಾಗಿಲ್ಲ, 'ಅವನು ಬಂದ' ಎನ್ನಬೇಕು. ಹಿರಿಯರಿಗೆ ಮರ್ಯಾದೆ ಕೊಡುವುದಕ್ಕೂ ದಾರಿ ಇಲ್ಲ! ನಿಂತ ನಿಲುವಿನ ಆ ಭಾಷಣದ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿತ್ತು ಎಂಬುದು ಆಗ ತಿಳಿಯುತ್ತದೆ.

ವಾಸಿಲರನ್ನು ಮೆಚ್ಚುತ್ತಲೇ ನಮಗೊಂದು ಪ್ರಶ್ನೆ ಉಳಿಯುತ್ತದೆ. ಒಂದು ಅಕ್ಷರ ಸರಿಯಾಗಿ ಬರುವುದಿಲ್ಲವೆಂದು ಒಬ್ಬ ಚಿಂತಕ ಭಾಷೆಯ ಇಷ್ಟು ದೊಡ್ಡ ಭಾಗವನ್ನೇ ಬಿಟ್ಟುಕೊಡಬೇಕಾಯಿತಲ್ಲ, ಕೇಳುಗರ ಕಿವಿ ಸ್ವಲ್ಪ ಹದವಾಗಿದ್ದರೆ ಇದು ಬೇಕಿತ್ತೇ? ಬ್ಯಾರಿ, ತುಳು, ಕೊಂಕಣಿ, ಉರ್ದು ಮನೆಮಾತಿನ ಮಗು ಮೊದಲ ಬಾರಿ ಗ್ರಾಂಥಿಕ ಕನ್ನಡದಲ್ಲಿ ಮಾತಾಡಲು ಎದ್ದಾಗ ಅದಕ್ಕೆ ಸಿಗುವ ಪ್ರತಿಕ್ರಿಯೆ ಬಹುಪಾಲು ಉಚ್ಚಾರಕ್ಕೆ ಸಂಬಂಧಿಸಿದ್ದು. ಹಳೇ ಮೈಸೂರು ಕಡೆಯ ಹುಡುಗನ ಬಾಯಲ್ಲಿ ಹಾಲು 'ಆಲು' ಆದರೆ ಕೂಡಲೇ ನಗು. ಅರ್ಥಕ್ಕೆ ಅಡ್ಡಿಯಾಗುವ ದೋಷವನ್ನು ತಿದ್ದುವುದು ಉಪಕಾರ. ಯಾವ ಮನೆಯಿಂದ, ಯಾವ ಬೀದಿಯಿಂದ ಬಂದವನೆಂದು ಗುರುತು ಹಚ್ಚಿ ನಗುವುದು ತಿದ್ದುವಿಕೆಯಲ್ಲ, ಬಾಗಿಲು ಮುಚ್ಚುವ ಕೆಲಸ. ಮೊದಲನೆಯದರ ವೇಷದಲ್ಲಿ ಎರಡನೆಯದು ನಮ್ಮ ಶಾಲೆಗಳಲ್ಲಿ ಧಾರಾಳವಾಗಿ ನಡೆಯುತ್ತದೆ.

ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಅಭ್ಯಾಸವಾಗಬೇಕಾದರೆ ವೇದಿಕೆ ಸಿಗಬೇಕು. ನಮ್ಮ ಕಾರ್ಯಕ್ರಮಗಳಲ್ಲಿ ಅವರಿಗೆ ಸಿಗುವುದು ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆ, ಅಂದರೆ ಸ್ವಂತ ಅಭಿಪ್ರಾಯ ಹೇಳಬೇಕಾಗಿಲ್ಲದ ಜಾಗಗಳು. ಅಪರೂಪಕ್ಕೆ ಭಾಷಣ ಮಾಡಿದರೆ ಬರುವ ಪ್ರತಿಕ್ರಿಯೆ ದನಿ ಜೋರಾಯಿತು ಎಂದೋ, ಸೆರಗು ಸರಿದಿತ್ತು ಎಂದೋ. ವಾದ ಸರಿಯಿತ್ತೇ, ಉದಾಹರಣೆ ಹೊಂದಿತೇ ಎಂದು ಹೇಳುವವರಿಲ್ಲ. ಹೀಗೆ ಇಪ್ಪತ್ತು ವರ್ಷ ನಡೆದ ಮೇಲೆ, 'ನಮ್ಮಲ್ಲಿ ಮಾತಾಡಬಲ್ಲ ಹೆಣ್ಣುಮಕ್ಕಳೇ ಇಲ್ಲ' ಎಂದು ಸಂಘಟಕರು ಬೇಸರ ಪಡುತ್ತಾರೆ. ಅಭ್ಯಾಸ ವ್ಯಕ್ತಿಯೊಬ್ಬರ ಛಲದ ಮಾತಷ್ಟೇ ಆಗಿದ್ದರೆ ಇದು ಅವರ ತಪ್ಪೆನ್ನಬಹುದಿತ್ತು.

ಮಾತಿನ ಅಭ್ಯಾಸಕ್ಕೆಂದೇ ಹುಟ್ಟಿದ ಕೂಟಗಳೂ ಇವೆ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಇಂದು ಬೆಂಗಳೂರಿನ ಹಲವು ಕಂಪೆನಿಗಳ ಒಳಗೂ ನಡೆಯುತ್ತದೆ. ಒಬ್ಬರು ಮಾತಾಡಿದರೆ ಒಬ್ಬರು ಸಮಯ ನೋಡುತ್ತಾರೆ, ಒಬ್ಬರು ಆಂ ಊಂ ಎಂಬ ತಡವರಿಕೆಗಳನ್ನು ಎಣಿಸುತ್ತಾರೆ, ಒಬ್ಬರು ಎದ್ದುನಿಂತು ವಿಮರ್ಶೆ ಹೇಳುತ್ತಾರೆ. ಯಾರೂ ಯಾರನ್ನೂ ನಗೆಪಾಟಲು ಮಾಡುವುದಿಲ್ಲ. ಈ ಶಿಸ್ತು ನಮಗೆ ಮೆಚ್ಚುಗೆ. ಹೇಳಿದ್ದು ನಿಜವೇ ಎಂದು ಕೇಳಲಿಕ್ಕೇ ಒಬ್ಬರನ್ನು ನೇಮಿಸುವ ಪದ್ಧತಿ ಮಾತ್ರ ಅಲ್ಲಿಲ್ಲ.

ಇದನ್ನು ನಮ್ಮ ಊರಿನ ಗ್ರಂಥಾಲಯದಲ್ಲೋ, ಮದ್ರಸದ ಖಾಲಿ ಕೋಣೆಯಲ್ಲೋ, ಸ್ವಸಹಾಯ ಗುಂಪಿನ ವಾರದ ಸಭೆಯಲ್ಲೋ ಖರ್ಚಿಲ್ಲದೆ ಮಾಡಬಹುದು. ಐದಾರು ಮಂದಿ ಸಾಕು. ಒಬ್ಬರು ಹತ್ತು ನಿಮಿಷ ಮಾತಾಡಲಿ. ಮುಗಿದ ಮೇಲೆ 'ಹೇಗಿತ್ತು?' ಎಂದು ಕೇಳುವುದು ಬೇಡ. ಆ ಪ್ರಶ್ನೆಗೆ ನಮ್ಮ ಜನ 'ಚೆನ್ನಾಗಿತ್ತು' ಎಂದಲ್ಲದೆ ಬೇರೇನೂ ಹೇಳುವುದಿಲ್ಲ. ಬದಲಿಗೆ 'ನಾನು ಏನು ಹೇಳಿದೆ?' ಎಂದು ಕೇಳಬೇಕು. ಕೇಳಿದವರು ತಮಗೆ ತಲುಪಿದ್ದನ್ನು ತಮ್ಮ ಮಾತಿನಲ್ಲಿ, ಬೇಕಿದ್ದರೆ ಬ್ಯಾರಿಯಲ್ಲೋ ತುಳುವಿನಲ್ಲೋ, ತಿರುಗಿ ಹೇಳಲಿ. ಒಬ್ಬರು ಅದಕ್ಕೆ ಎದುರು ವಾದ ಹೂಡಲಿ, ಮುಂದಿನ ವಾರ ಮೊದಲು ಮಾತಾಡಿದವರೇ ಆ ಎದುರು ವಾದವನ್ನು ಮಂಡಿಸಲಿ. ಮೊದಲ ದಿನ ಭಾಷಣಕಾರರು 'ಅಯ್ಯೋ, ನಾನು ಹಾಗೆ ಹೇಳಲೇ ಇಲ್ಲವಲ್ಲ!' ಎನ್ನುವುದು ಬಹುತೇಕ ಖಚಿತ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಂಡಿದ್ದರೆ ಆಗ ಹಾಕಿ ಕೇಳಬಹುದು.